ಸುಸನ್ನಾ ವೆಸ್ಲಿಯಮ್ಮನವರ ಚರಿತ್ರೆ

ಮಕ್ಕಳು ದೇವರ ವರವೆಂದು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಒಲೆಯ ಮೇಲೆ ಗಂಜಿ ಉಕ್ಕುತ್ತಿರುವಾಗ, ಒಂದು ಕೂಸು ಅಳುತ್ತಾ ಮತ್ತೊಂದು ಜ್ವರದಿಂದ ಮಲಗಿರುವಾಗ, ಆ ವರಕ್ಕಾಗಿ ಸ್ತೋತ್ರಮಾಡುವ ಮನಸ್ಸು ಎಷ್ಟು ಮಂದಿ ತಾಯಂದಿರಲ್ಲಿ ನಿಲ್ಲುವದು? ಪ್ರಿಯ ವಾಚಕರೇ, ಇಂಥ ಕಷ್ಟಗಳ ನಡುವೆಯೂ ಕೃತಜ್ಞತೆಯನ್ನು ಬಿಡದಿದ್ದ ಒಬ್ಬ ತಾಯಿಯ ಚರಿತ್ರೆಯನ್ನು ಕೇಳಿರಿ.

ಸುಸನ್ನಾ ಅಮ್ಮನವರು 1669ನೆಯ ಇಸವಿಯಲ್ಲಿ ಲಂಡನ್ ಪಟ್ಟಣದ ಒಬ್ಬ ಬೋಧಕರ ಕಡೆಯ ಮಗಳಾಗಿ ಹುಟ್ಟಿದರು. 1688ರಲ್ಲಿ ಸಾಮ್ಯುವೆಲ್ ವೆಸ್ಲಿಯವರನ್ನು ವಿವಾಹವಾಗಿ, ಕೆಲವು ವರ್ಷಗಳ ತರುವಾಯ ಎಪ್ವರ್ತ್ ಎಂಬ ಊರಿನ ಸಭಾಪಾಲಕರ ಮನೆಗೆ ಬಂದರು. ಅವರು ಹೆತ್ತ ಮಕ್ಕಳು 19. ಅವರಲ್ಲಿ 9 ಮಂದಿ ಎಳೆತನದಲ್ಲಿಯೇ ತೀರಿಹೋದರು. ಮನೆಯಲ್ಲಿ ಸಾಲವು ಎಂದಿಗೂ ತೀರಲಿಲ್ಲ. 1705ರಲ್ಲಿ ದಾದಿಯು ನಿದ್ದೆಯಲ್ಲಿ ಮೇಲೆ ಹೊರಳಿದ್ದರಿಂದ ಒಂದು ಕೂಸು ಸತ್ತಿತು. ಆ ದುಃಖವು ಆರುವ ಮೊದಲೇ ಪತಿಯನ್ನು ಸಾಲಕ್ಕಾಗಿ ಲಿಂಕನ್ ಕೋಟೆಯ ಸೆರೆಮನೆಗೆ ಒಯ್ದರು. ಅಮ್ಮನವರು ತಮ್ಮ ಉಂಗುರಗಳನ್ನೇ ಪತಿಗೆ ಕಳುಹಿಸಿದರು. ಅವರೋ ಅವುಗಳನ್ನು ಹಿಂದಕ್ಕೆ ಕಳುಹಿಸಿಬಿಟ್ಟರು.

ಆ ದಿನಗಳಲ್ಲಿ ಯಾರ್ಕಿನ ಆರ್ಚ್‌ಬಿಷಪ್ಪರು, ಎಂದಾದರೂ ರೊಟ್ಟಿಗೆ ಕೊರತೆಯಾಯಿತೋ ಎಂದು ಅಮ್ಮನವರನ್ನು ವಿಚಾರಿಸಿದರು. ರೊಟ್ಟಿಯು ಇಲ್ಲದೆ ಹೋಗಲಿಲ್ಲ, ಆದರೆ ಅದನ್ನು ಸಂಪಾದಿಸುವ ಮತ್ತು ಅದರ ಕ್ರಯವನ್ನು ತೀರಿಸುವ ಚಿಂತೆಯಿಂದ ಅದು ಕಹಿಯಾಗುತ್ತಿತ್ತೆಂದು ಅವರು ಮರೆಮಾಚದೆ ಉತ್ತರಕೊಟ್ಟರು. ಸ್ತೋತ್ರಮಾಡುವದೆಂದರೆ ಕಷ್ಟವಿಲ್ಲವೆಂದು ನಟಿಸುವದಲ್ಲ ಎಂಬದನ್ನು ಇದರಿಂದ ತಿಳಿಯೋಣ.

ಇಷ್ಟು ಸಂಕಟದಲ್ಲಿಯೂ ಅವರು ಮನೆಯಲ್ಲಿ ಶಾಲೆಯನ್ನು ನಡಿಸಿದರು. ಕೂಸುಗಳು ಮಾತು ಕಲಿಯುವ ಮೊದಲೇ ಊಟದ ಸ್ತೋತ್ರಕ್ಕೆ ಕೈಸನ್ನೆ ಮಾಡಲು ಕಲಿತವು. ಐದು ವರುಷ ತುಂಬಿದ ಮಗುವಿಗೆ ಒಂದೇ ದಿನದಲ್ಲಿ ಅಕ್ಷರಮಾಲೆಯನ್ನು ಕಲಿಸಿ, ಆದಿಕಾಂಡದ ಮೊದಲನೆಯ ಅಧ್ಯಾಯದಿಂದ ಓದಿಸುತ್ತಿದ್ದರು. ಇಬ್ಬರಿಗೆ ಮಾತ್ರ ಒಂದೂವರೆ ದಿನ ಹಿಡಿಯಿತು. ಅವರ ಶಿಕ್ಷೆಯು ಕಠಿಣವಾದದ್ದೇ. ಆದರೂ ತಪ್ಪನ್ನು ಒಪ್ಪಿಕೊಂಡ ಮಗುವನ್ನು ಹೊಡೆಯಬಾರದೆಂಬದು ಅವರ ನಿಯಮವಾಗಿತ್ತು.

1709ನೆಯ ಫೆಬ್ರವರಿ 9ರ ರಾತ್ರಿ ಮನೆಗೆ ಬೆಂಕಿ ಹತ್ತಿತು. ತುಂಬುಗರ್ಭಿಣಿಯಾದ ಅಮ್ಮನವರು ಉರಿಯನ್ನು ದಾಟಿ ಹೊರಗೆ ಬಂದರು. ಐದು ವರುಷದ ಜಾನ್ ಮಾಳಿಗೆಯಲ್ಲಿ ಉಳಿದುಹೋಗಿದ್ದನು. ಏಣಿ ತರುವಷ್ಟು ವೇಳೆಯಿರಲಿಲ್ಲವಾದದರಿಂದ ಒಬ್ಬನ ಹೆಗಲ ಮೇಲೆ ಮತ್ತೊಬ್ಬನು ನಿಂತು, ಕಿಟಕಿಯಿಂದ ಬಾಲಕನನ್ನು ಇಳಿಸಿಕೊಂಡನು. ಕೂಡಲೇ ಛಾವಣಿಯು ಕುಸಿದುಬಿತ್ತು. ಆಗ ತಂದೆಯು ನೆರೆಯವರನ್ನು ಕರೆದು, ಮನೆ ಹೋದರೆ ಹೋಗಲಿ, ಎಂಟು ಮಕ್ಕಳೂ ಉಳಿದರಲ್ಲಾ ಎಂದು ಮೊಣಕಾಲೂರಿ ದೇವರಿಗೆ ಸ್ತೋತ್ರಮಾಡಿದರು.

ತರುವಾಯ ಮಕ್ಕಳು ಬೇರೆ ಬೇರೆ ಮನೆಗಳಲ್ಲಿ ಇರಬೇಕಾಗಿ ಬಂದು ಒಳ್ಳೇ ಅಭ್ಯಾಸಗಳನ್ನು ಮರೆತರು. ತಾಯಿಯು ಬೇಸರಗೊಳ್ಳದೆ, ಶಾಲೆಯ ಆರಂಭದಲ್ಲಿಯೂ ಅಂತ್ಯದಲ್ಲಿಯೂ ಕೀರ್ತನೆ ಹಾಡುವ ಕ್ರಮವನ್ನಿಟ್ಟು ಪುನಃ ತಿದ್ದತೊಡಗಿದರು. ಆಮೇಲೆ ನಮ್ಮ ಹಿಂದೂದೇಶದ ಒಂದು ಸಮಾಚಾರವು ಅವರ ಕೈಸೇರಿತು. ತಮಿಳುನಾಡಿನ ತರಂಗಂಬಾಡಿಗೆ 1706ರಲ್ಲಿ ಬಂದಿದ್ದ ಡೇನಿಷ್ ಮಿಶನೆರಿಗಳ ವೃತ್ತಾಂತವನ್ನು ಮಗಳು ಎಮಿಲಿಯಾ ತಂದೆಯ ಕೋಣೆಯಲ್ಲಿ ಕಂಡಳು. ಅದನ್ನು ಓದಿದ ತಾಯಿಯ ಮನಸ್ಸು ಕರಗಿತು. ತಾನು ಅಷ್ಟು ದೂರ ಹೋಗಲಾರದಿದ್ದರೂ ಮನೆಯಲ್ಲಿರುವ ಆತ್ಮಗಳಿಗಾಗಿ ಹೆಚ್ಚು ಮಾಡಬಹುದೆಂದು ನಿಶ್ಚಯಿಸಿ, ಪ್ರತಿ ಸಾಯಂಕಾಲ ಒಂದೊಂದು ಮಗುವಿನೊಡನೆ ಪ್ರತ್ಯೇಕವಾಗಿ ಮಾತಾಡತೊಡಗಿದರು. ಗುರುವಾರ ಜಾನನದು, ಶನಿವಾರ ಚಾರ್ಲ್ಸನದು. ಜಾನ್ ದೊಡ್ಡವನಾಗಿ ಆಕ್ಸ್‌ಫರ್ಡಿನಲ್ಲಿದ್ದಾಗಲೂ ಆ ಗುರುವಾರದ ಗಳಿಗೆಗಾಗಿ ಹಂಬಲಿಸಿದನು. ಮೈಸೂರು ಸೀಮೆಯಲ್ಲಿ 19ನೆಯ ಶತಮಾನದಲ್ಲಿ ಶಾಲೆಗಳನ್ನೂ ಸಭೆಗಳನ್ನೂ ಸ್ಥಾಪಿಸಿದ ವೆಸ್ಲಿಯನ್ ಮಿಶನ್ ಈತನ ಹೆಸರನ್ನೇ ಧರಿಸಿತ್ತು.

ಅಮ್ಮನವರು 1742ನೆಯ ಜುಲೈ 23ರಂದು ಲಂಡನಿನಲ್ಲಿ ನಿದ್ರೆಹೋದರು. ತಮ್ಮ ಪ್ರಾಣ ಹೋದ ಕೂಡಲೆ ಸ್ತುತಿಯ ಕೀರ್ತನೆಯನ್ನು ಹಾಡಬೇಕೆಂಬದೇ ಮಕ್ಕಳಿಗೆ ಅವರ ಕಡೆಯ ಅಪ್ಪಣೆ. ಮಂಚದ ಸುತ್ತಲೂ ನಿಂತ ಮಕ್ಕಳು ಹಾಗೆಯೇ ಹಾಡಿದರು.

ತಾಯಂದಿರೇ, ತಂದೆಗಳೇ, ಅವರ ಪಾಲಿಗೆ ಬಿಡುವಿನ ದಿನಗಳು ಬರಲಿಲ್ಲ. ಇದ್ದ ದಿನಗಳಲ್ಲಿಯೇ ಒಂದೊಂದು ಗಳಿಗೆಯನ್ನು ಒಂದೊಂದು ಮಗುವಿಗೆ ಮೀಸಲಾಗಿಟ್ಟರು. ಈ ಸಂಜೆ ದೀಪ ಹಚ್ಚಿದ ಮೇಲೆ ನಾವೂ ಒಂದು ಮಗುವನ್ನು ಹತ್ತಿರ ಕೂರಿಸಿಕೊಂಡು, ಅದರ ಹೆಸರೆತ್ತಿ ದೇವರಿಗೆ ಸ್ತೋತ್ರಮಾಡೋಣ.