ಬೆರಳಿಗೆ ಕಣ್ಣಿತ್ತ ಲೂಯಿ ಬ್ರೈಲ್

ತನ್ನ ಕಾಗದವನ್ನು ತಾನೇ ಬರೆಯಲಾರದವನಿಗೆ, ತನಗೆ ಬಂದ ಕಾಗದವನ್ನು ತಾನೇ ಓದಲಾರದವನಿಗೆ, ಗುಟ್ಟೆಂಬುದೇ ಇರದು. ಕುರುಡರ ಈ ಪರಾಧೀನತೆಯನ್ನು ಆರೇ ಚುಕ್ಕೆಗಳಿಂದ ನೀಗಿದ ಮಹನೀಯ ಲೂಯಿ ಬ್ರೈಲ್.

ಅವನು ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸ್ ನಗರದ ಪೂರ್ವಕ್ಕಿರುವ ಕೂವ್ರೆ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಯ ಜೀನು ಹೊಲಿಯುವ ಕಸುಬಿನವನು. ಮೂರು ವರ್ಷದ ಮಗು ತಂದೆಯ ಅಂಗಡಿಯಲ್ಲಿ ಆಡುತ್ತ, ತೊಗಲಿಗೆ ತೂತು ಕೊರೆಯುವ ದಬ್ಬಳವನ್ನು ಕೈಗೆತ್ತಿಕೊಂಡಿತು. ಅದು ಜಾರಿ ಕಣ್ಣಿಗೆ ನಾಟಿತು. ನಂಜೇರಿ ಇನ್ನೊಂದು ಕಣ್ಣೂ ಕೆಟ್ಟು, ಐದನೆಯ ವರ್ಷದ ವೇಳೆಗೆ ಬಾಲಕನಿಗೆ ಜಗತ್ತೆಲ್ಲ ಕತ್ತಲಾಯಿತು.

ತಾಯಿತಂದೆಗಳು ಮಗನನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಮೊದಲು ಊರ ಶಾಲೆಗೆ ಕಳುಹಿಸಿ, 1819ರಲ್ಲಿ ಪ್ಯಾರಿಸಿನ ಅಂಧ ಬಾಲಕರ ರಾಜಶಾಲೆಗೆ ಸೇರಿಸಿದರು. ಅಲ್ಲಿ ಸಾಮಾನ್ಯ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿದ ಭಾರವಾದ ಹೊತ್ತಗೆಗಳಿದ್ದವು. ಕಣ್ಣಿಗೆಂದು ಹುಟ್ಟಿದ ಆಕಾರಗಳನ್ನು ಬೆರಳು ತಡಕಿ ತಿಳಿಯುವುದು ಪ್ರಯಾಸ. ಕುರುಡನು ಹಾಗೆ ಬರೆಯುವುದಂತೂ ದೂರದ ಮಾತು.

1821ರಲ್ಲಿ ಷಾರ್ಲ್ ಬಾರ್ಬಿಯೆ ಎಂಬ ಮಾಜಿ ಸೈನ್ಯಾಧಿಕಾರಿಯು ಕಲ್ಪಿಸಿದ ಚುಕ್ಕೆಯ ಬರಹ ಶಾಲೆಗೆ ಬಂದಿತು. ಒಂದೊಂದು ಗುರುತಿಗೆ ಹನ್ನೆರಡರವರೆಗೂ ಚುಕ್ಕೆಗಳಿದ್ದುದರಿಂದ ಅದು ಒಂದೇ ಸ್ಪರ್ಶಕ್ಕೆ ದಕ್ಕುತ್ತಿರಲಿಲ್ಲ. ಬ್ರೈಲ್ ಅದನ್ನು ಇಳಿಸುತ್ತ ಬಂದು, 1824ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಮೂರು ಮೂರರ ಎರಡು ಸಾಲಿಗೆ ತಂದು ನಿಲ್ಲಿಸಿದ. ಈ ಆರು ಚುಕ್ಕೆಗಳಿಂದ 63 ಗುರುತುಗಳು ಹುಟ್ಟುತ್ತವೆ. ಪ್ರತಿಯೊಂದೂ ಬೆರಳ ತುದಿಗೆ ಒಮ್ಮೆಗೇ ಸಿಕ್ಕುತ್ತದೆ. ಮೊನೆಯಾದ ಕಡ್ಡಿಯೊಂದಿದ್ದರೆ ಕುರುಡನು ತಾನೇ ಬರೆಯಬಹುದು, ಬರೆದುದನ್ನು ತಾನೇ ಓದಬಹುದು! 1829ರಲ್ಲಿ ಅವನು ಈ ಲಿಪಿಯನ್ನು ಪ್ರಕಟಿಸಿದ.

ಬ್ರೈಲ್ ಅದೇ ಶಾಲೆಯಲ್ಲಿ ಉಪಾಧ್ಯಾಯನಾದ. ಇಗರ್ಜಿಗಳಲ್ಲಿ ಆರ್ಗನ್ ನುಡಿಸಿ ಹೆಸರಾದ. ಆದರೆ ಅವನ ಲಿಪಿಗೆ ಮನ್ನಣೆ ಸುಲಭವಾಗಿ ಸಿಕ್ಕಲಿಲ್ಲ. ಕಣ್ಣುಳ್ಳವರಿಗೆ ತಿಳಿಯದ ಲಿಪಿ ಕುರುಡರಿಗೇಕೆಂದು ಹಿರಿಯರು ಶಂಕಿಸಿದರು. 1840ರ ಬಳಿಕ ಕೆಲಕಾಲ ಶಾಲೆಯಲ್ಲಿ ಅದಕ್ಕೆ ತಡೆಯೂ ಬಿದ್ದಿತು. ವಿದ್ಯಾರ್ಥಿಗಳು ಮಾತ್ರ ಅದನ್ನು ಬಿಡಲಿಲ್ಲ, ಏಕೆಂದರೆ ಅದರ ಬೆಲೆ ಅವರ ಬೆರಳುಗಳಿಗೆ ಗೊತ್ತಿತ್ತು. 1844ರಲ್ಲಿ ಶಾಲೆಯೇ ಸಾರ್ವಜನಿಕರೆದುರು ಆ ಲಿಪಿಯನ್ನು ಪ್ರದರ್ಶಿಸಿತು.

ಕ್ಷಯರೋಗದಿಂದ ಬಳಲಿದ ಬ್ರೈಲ್ 1852ರ ಜನವರಿ 6ರಂದು, 43ನೆಯ ವಯಸ್ಸಿನಲ್ಲಿ ತೀರಿಕೊಂಡ. ಫ್ರಾನ್ಸ್ ದೇಶ ಅವನ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿದ್ದು ಎರಡು ವರ್ಷಗಳ ತರುವಾಯ. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಒಂದೇ ಕ್ರಮವಾದ ಭಾರತೀ ಬ್ರೈಲ್ ಏರ್ಪಟ್ಟು, ನಮ್ಮ ಕನ್ನಡದ ಅಕ್ಷರಗಳೂ ಆ ಆರು ಚುಕ್ಕೆಗಳಲ್ಲಿ ನೆಲೆಗೊಂಡವು.

ಅಂಗವಿಕಲರಿಗೆ ಒದಗಿಸುವ ಸಾಧನ ಹೇಗಿರಬೇಕೆಂಬುದಕ್ಕೆ ಈ ಬಾಳು ಒಂದು ಪಾಠ. ಕೊಡುವವನ ಕಣ್ಣಿಗೆ ಅದು ಚೆನ್ನಾಗಿ ಕಂಡರೆ ಸಾಲದು. ಬಳಸುವವನ ಕೈಗೆ ಒಗ್ಗಬೇಕು, ಅವನನ್ನು ಪರರ ಹಂಗಿನಿಂದ ಬಿಡಿಸಬೇಕು.