ಕಂದಕ ತೋಡಿದ ಸಾಹೇಬ

ಗಜೇಂದ್ರಗಡದ ನೆರೆಯ ನಮ್ಮ ಲಕ್ಕಲಕಟ್ಟಿಯ ಸೀಮೆಯಲ್ಲಿ ಆನೆಯೆಂಬುದು ಊರ ಹೆಸರಿನಲ್ಲಿಯೂ ದೇಗುಲದ ಕಲ್ಲಿನಲ್ಲಿಯೂ ಮಾತ್ರ ಉಂಟು. ಎರೆಹೊಲಕ್ಕೆ ನುಗ್ಗುವುದು ಜಿಂಕೆಯ ಹಿಂಡು. ಒಂದು ಹಿಂಗಾರಿಯಲ್ಲಿ, ಮೊಳಕೆಯೆಲ್ಲ ಮೇಯ್ದುಹೋದ ಕಡಲೆಯ ಹೊಲದ ಬದುವಿನ ಮೇಲೆ ಕುಳಿತು ನನ್ನ ಸೋದರಮಾವ ಒಂದು ಪ್ರಶ್ನೆ ಕೇಳಿದರು. ಮೃಗದ ಜೀವಕ್ಕೆ ಕಾನೂನಿನ ಕಾವಲಿದೆ. ರೈತನ ಅನ್ನಕ್ಕೆ ಯಾರ ಕಾವಲು? ಇಪ್ಪತ್ತು ವರ್ಷ ಪಾಠ ಹೇಳಿದ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಇದೇ ಪ್ರಶ್ನೆಯನ್ನು ಇನ್ನೂ ದೊಡ್ಡ ರೂಪದಲ್ಲಿ ಎದುರಿಸಿದ ಒಬ್ಬ ಮನುಷ್ಯನ ನೆನಪಾಯಿತು. ಆತನೇ ಜಾರ್ಜ್ ಪೆರೆಸ್ ಸ್ಯಾಂಡರ್ಸನ್.

ಈತನ ಪರಿಚಯ ನನಗೆ ಕಾಡಿನಿಂದ ಆದುದಲ್ಲ, ನಿಘಂಟಿನಿಂದ ಆಯಿತು. ರೀವ್ ಪಂಡಿತರ ಕನ್ನಡ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚುಹಾಕಿಸಿದವರು ವೆಸ್ಲಿಯನ್ ಪಾದ್ರಿ ಡೇನಿಯಲ್ ಸ್ಯಾಂಡರ್ಸನ್. ಲಕ್ಷ್ಮೀಶನ ಜೈಮಿನಿ ಭಾರತವನ್ನು ಇಂಗ್ಲಿಷರಿಗೆ ಪರಿಚಯಿಸಿದವರೂ ಅವರೇ. ಅವರ ಮಗ ಜಾರ್ಜ್ 1848ರಲ್ಲಿ ನಮ್ಮ ದೇಶದಲ್ಲಿಯೇ ಹುಟ್ಟಿದ. ತಂದೆ ಕನ್ನಡದ ಶಬ್ದಗಳನ್ನು ಅರಸಿದರು. ಮಗ ಕನ್ನಡ ನಾಡಿನ ಆನೆಗಳನ್ನು ಅರಸಿದ.

ಇಂಗ್ಲೆಂಡಿನಲ್ಲಿ ಓದು ಮುಗಿಸಿ 1864ರಲ್ಲಿ ಮರಳಿದ ತರುಣ ಮೊದಲು ಕಾಫಿ ತೋಟದ ಆಸೆಯಿಂದ ಬಂದನು. ಅದು ಕೈಗೂಡಲಿಲ್ಲ. ಆದರೆ ಕನ್ನಡವನ್ನು ಚೆನ್ನಾಗಿ ಕಲಿತಿದ್ದನು. ಆ ವಿದ್ಯೆಯೇ ಕೈಹಿಡಿಯಿತು. 1868ರಲ್ಲಿ ಮೈಸೂರು ಸರ್ಕಾರದ ನಾಲೆಗಳ ಮೇಲ್ವಿಚಾರಣೆಯ ಇಲಾಖೆಯಲ್ಲಿ ಕೆಲಸ ದೊರೆಯಿತು. ನಾಲೆಯ ಮೇಲೆ ಓಡಾಡುವ ಅಧಿಕಾರಿಗೆ ರೈತನ ಕಷ್ಟ ತಿಳಿಯದೆ ಇರದು. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿಯೂ ಚಾಮರಾಜನಗರದ ಸುತ್ತಲೂ ಬೆಳೆದ ಪೈರು ಒಂದೇ ರಾತ್ರಿಗೆ ಆನೆಯ ಪಾಲಾಗುತ್ತಿತ್ತು. ರೈತರು ಅಟ್ಟಣೆಯ ಮೇಲೆ ಬೆಂಕಿ ಹಾಕಿ, ತಮಟೆ ಬಡಿದು, ಕೂಗಿ, ಇರುಳೆಲ್ಲ ಎಚ್ಚರವಿರಬೇಕಾಗಿತ್ತು.

ಆ ಕಾಲಕ್ಕೆ ಈ ಕಷ್ಟಕ್ಕೆ ತಿಳಿದಿದ್ದ ಪರಿಹಾರಗಳು ಎರಡು: ಗುಂಡು ಮತ್ತು ಗುಂಡಿ. ನೆರೆಯ ಮದರಾಸು ಪ್ರಾಂತದಲ್ಲಿ ಆನೆ ಕೊಂದವನಿಗೆ ಸರ್ಕಾರವೇ ಬಹುಮಾನ ಕೊಡುತ್ತಿದ್ದ ಕಾಲವೂ ಇತ್ತು. 1873ರ ಕಾಯಿದೆ ಬಂದಮೇಲೆ ಅಲ್ಲಿ ಅದು ತಪ್ಪಿತು. ಗುಂಡಿಯಲ್ಲಿ ಬಿದ್ದು ಕಾಲು ಮುರಿದುಕೊಂಡು ನರಳುವ ಆನೆಗಳನ್ನು ಕಂಡ ಸ್ಯಾಂಡರ್ಸನ್ ಆ ಪದ್ಧತಿಯನ್ನು ಕ್ರೂರವೆಂದು ಹಳಿದನು. ಆತ ಬೇಟೆಗಾರನಲ್ಲವೆಂದು ನಾನು ಹೇಳಲಾರೆ. ಮನುಷ್ಯರನ್ನು ಕೊಂದ ಪುಂಡಾನೆಗಳನ್ನೂ ಅನೇಕ ಹುಲಿಗಳನ್ನೂ ಹೊಡೆದವನೇ. ಆದರೆ ಹಿಂಡನ್ನು ಇಡಿಯಾಗಿ ಹಿಡಿದು ಪಳಗಿಸಿದರೆ ಪೈರೂ ಉಳಿದೀತು, ಆನೆಯ ಪ್ರಾಣವೂ ಉಳಿದೀತು ಎಂಬ ಯೋಜನೆಯನ್ನು ಸರ್ಕಾರದ ಮುಂದಿಟ್ಟನು.

ಅನುಭವಸ್ಥರು ನಕ್ಕಿರಬೇಕು. ಒಂದು ಶತಮಾನದ ಹಿಂದೆ ಹೈದರಾಲಿಯೇ ಕಾಕನಕೋಟೆಯ ಕಾಡಿನಲ್ಲಿ ಪ್ರಯತ್ನಿಸಿ ಸೋತಿದ್ದನು. ಇನ್ನು ಮುಂದೆ ಯಾರಿಂದಲೂ ಆಗದೆಂದೂ, ಪ್ರಯತ್ನಿಸಿದವನಿಗೆ ಶಾಪ ತಟ್ಟಲೆಂದೂ ಕಲ್ಲಿನಲ್ಲಿ ಬರೆಯಿಸಿದ್ದನೆಂದು ಸ್ಯಾಂಡರ್ಸನ್ನನೇ ದಾಖಲಿಸಿದ್ದಾನೆ. ಆ ಶಾಪಕ್ಕೆ ಆತ ಅಂಜಲಿಲ್ಲ. ಆನೆ ಎಷ್ಟೇ ಬಲಿಷ್ಠವಾದರೂ ಅದಕ್ಕೆ ನೆಗೆಯಲು ಬಾರದು. ಅಗಲವೂ ಆಳವೂ ಸಾಕಷ್ಟಿರುವ ಕಂದಕವೇ ಅದಕ್ಕೆ ಕೋಟೆ. ಈ ಒಂದು ಸರಳ ಸತ್ಯವನ್ನು ನಂಬಿ, ಹೊಳೆಯ ಬಳಿ ಕಂದಕ ತೋಡಿಸಿದನು. ಕಾಡಿನ ಜಾಡು ಬಲ್ಲವರೂ ಸುತ್ತಲಿನ ಹಳ್ಳಿಗರೂ ಜೊತೆಗೆ ನಿಂತರು. 1874ರ ಜೂನ್ ತಿಂಗಳಲ್ಲಿ ಚಾಮರಾಜನಗರದ ಬಳಿ 50ಕ್ಕೂ ಹೆಚ್ಚು ಆನೆಗಳ ಹಿಂಡು ಖೆಡ್ಡಾದಲ್ಲಿ ಸಿಕ್ಕಿತು. ಹೈದರನಿಗೆ ಆಗದುದು ನಾಲೆಯ ಅಧಿಕಾರಿಗೆ ಆಯಿತು.

ಅನಂತರ ಸರ್ಕಾರ ಆತನನ್ನು ಬಂಗಾಳಕ್ಕೆ ಕಳುಹಿಸಿತು. ಚಿತ್ತಗಾಂಗಿನ ಬೆಟ್ಟಗಳಲ್ಲಿಯೂ ಆನೆ ಹಿಡಿದನು. ಭಾರತದ ಕಾಡುಮೃಗಗಳ ನಡುವೆ ಕಳೆದ 13 ವರ್ಷಗಳ ಅನುಭವವನ್ನು ಹೇಳುವ ಆತನ ಗ್ರಂಥ 1878ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಹಿಂಡಿಗೆ ಹೆಣ್ಣಾನೆಯೇ ನಾಯಕಿ, ಮುಂಗಾಲಿನ ಸುತ್ತಳತೆಯ ಇಮ್ಮಡಿಯೇ ಆನೆಯ ಎತ್ತರ ಎಂಬಂಥ ಸಂಗತಿಗಳನ್ನು ಕಣ್ಣಾರೆ ಕಂಡು, ಅಳೆದು ಬರೆದ ಪುಸ್ತಕವದು. ಕಿಪ್ಲಿಂಗನ ಆನೆಯ ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬನಿಗೆ ಈತನೇ ಮಾದರಿಯೆಂದು ಹೇಳುವುದುಂಟು. 1892ರಲ್ಲಿ, ನಾಲ್ವತ್ತನಾಲ್ಕರ ವಯಸ್ಸಿನಲ್ಲಿಯೇ, ಮದರಾಸಿನಲ್ಲಿ ತೀರಿಕೊಂಡನು. ಶಾಪದ ಫಲವೆನ್ನುವವರು ಎನ್ನಲಿ; ನಾನು ನಂಬುವವನಲ್ಲ.

ಆದರೆ ಆತನ ಪರಿಹಾರವೇ ಕೊನೆಯ ಪರಿಹಾರವೆ? ಅಲ್ಲವೆಂದು ಕಾಲ ತೋರಿಸಿತು. ಪಳಗುವ ನೋವಿನಲ್ಲಿ ಸತ್ತ ಆನೆಗಳ ಲೆಕ್ಕವೂ ಖೆಡ್ಡಾದ ಲೆಕ್ಕವೇ. ರೈತನ ಕಷ್ಟಕ್ಕೆಂದು ಆರಂಭವಾದ ಕೆಲಸ ಬರುಬರುತ್ತ ರಾಜ ಅತಿಥಿಗಳ ನೋಟವಾಯಿತು. ಕಾಕನಕೋಟೆಯ ಕಟ್ಟಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ರಕ್ಷಣೆಯ ಕಾಯಿದೆ ಬಂದಿತು. ಖೆಡ್ಡಾ ನಡೆದ ಕಾಡಿನ ಒಂದು ಭಾಗವನ್ನು ಕಬಿನಿ ಜಲಾಶಯ ಮುಳುಗಿಸಿತು.

ಆದರೂ ಆತ ಬಲ್ಲ ಒಂದು ಸಂಗತಿ ಮುಳುಗಲಿಲ್ಲ. 2023ರ ಗಣತಿಯ ಅಂದಾಜಿನಂತೆ ನಮ್ಮ ರಾಜ್ಯದಲ್ಲಿ 6,395 ಆನೆಗಳಿವೆ. ಕೊಡಗು, ಹಾಸನ, ಚಾಮರಾಜನಗರಗಳ ಕಾಡಂಚಿನಲ್ಲಿ ರೈತರು ಇಂದಿಗೂ ನಿದ್ದೆಗೆಟ್ಟಿದ್ದಾರೆ. ಅಲ್ಲಿ ಸೌರ ಬೇಲಿಗಳಿವೆ, ಹಳೆಯ ರೈಲು ಕಂಬಿಗಳ ತಡೆಗಳಿವೆ. ಅವುಗಳೊಡನೆ ಕಂದಕವೂ ಇದೆ. ಸ್ಯಾಂಡರ್ಸನ್ ತೋಡಿಸಿದ್ದು ಆನೆಯನ್ನು ಒಳಗೆ ಕೂಡಿಹಾಕಲು. ನಾವು ತೋಡುವುದು ಅದನ್ನು ಹೊಲದಿಂದ ಹೊರಗಿಡಲು. ಒಂದೇ ಗುದ್ದಲಿ, ಬೇರೆ ಧರ್ಮ. ಮಣ್ಣು ಕುಸಿದರೆ ಕಂದಕವೂ ದಾರಿಯಾಗುತ್ತದೆ; ವರ್ಷವರ್ಷವೂ ಕಾಯದ ಕಾವಲು ಕಾವಲಲ್ಲ. 2023ರ ಡಿಸೆಂಬರಿನಲ್ಲಿ, ದಸರೆಯ ಚಿನ್ನದ ಅಂಬಾರಿ ಹೊತ್ತಿದ್ದ ಅರ್ಜುನ ಸಕಲೇಶಪುರದ ಕಡೆ ಕಾಡಾನೆಯ ಕಾರ್ಯಾಚರಣೆಯಲ್ಲಿಯೇ ಮಡಿಯಿತು. ಈ ಕಾವಲಿನ ಬೆಲೆಯನ್ನು ಮನುಷ್ಯನೊಬ್ಬನೇ ತೆರುತ್ತಿಲ್ಲ.

ಸೋದರಮಾವನಿಗೆ ಈ ಕಥೆಯೆಲ್ಲ ಹೇಳಿದೆ. ಅವರು ಕೇಳಿ ಸುಮ್ಮನಿದ್ದು, ಆ ಸಾಹೇಬ ರಾತ್ರಿ ಹೊಲದಲ್ಲಿ ಮಲಗುತ್ತಿದ್ದನೇ ಎಂದು ವಿಚಾರಿಸಿದರು. ಕಾಡಿನಲ್ಲಿ ಎಷ್ಟೋ ರಾತ್ರಿ ಕಳೆದವನೆಂದೆ. ಹಾಗಿದ್ದರೆ ಆತನ ಮಾತು ಕೇಳಬಹುದು ಎಂದರು. ಅವರ ಪ್ರಶ್ನೆಗೆ ಉತ್ತರ ಈಗಲೂ ನನ್ನಲ್ಲಿಲ್ಲ. ಆದರೆ ಉತ್ತರ ಹೇಳುವ ಅಧಿಕಾರ ಯಾರಿಗಿದೆಯೆಂಬುದು ಅಂದು ತಿಳಿಯಿತು.