ಮೂಸಿ ಹೊಳೆಯ ಲೆಕ್ಕ ತೆಗೆದ ವಿಶ್ವೇಶ್ವರಯ್ಯ: ಹೊಳೆದಂಡೆಯವರಿಗೆ ಗೊತ್ತಿರಬೇಕಾದ ಒಂದು ಕೆಲಸ

ಕುಮಾರಪಟ್ಟಣ: ಸೆಪ್ಟೆಂಬರ್ 15 ಬಂತಂದ್ರೆ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊಕ್ಕೆ ಹಾರ ಬೀಳ್ತದೆ. ಭಾಷಣ ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಾರ್ಖಾನೆ, ಮೈಸೂರು ಬ್ಯಾಂಕು ಇಷ್ಟಕ್ಕೇ ಮುಗೀತದೆ. ತುಂಗಭದ್ರೆ ದಂಡೆಗೆ ಮನಿ, ಅಂಗಡಿ ಮಾಡಿಕೊಂಡ ನಮಗೆ ಹೆಚ್ಚು ಸಂಬಂಧಪಟ್ಟ ಅವರ ಕೆಲಸ ನಡೆದದ್ದು ಹೈದರಾಬಾದಿನಲ್ಲಿ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಅವರು ಮುಂಬೈ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಆಗ ನಮ್ಮ ರಾಣೆಬೆನ್ನೂರು ಸೀಮೆ ಧಾರವಾಡ ಜಿಲ್ಲೆ, ಮುಂಬೈ ಪ್ರಾಂತ್ಯ. ಹೊಳೆಯಾಚೆ ಹರಿಹರ ಮೈಸೂರು ಸಂಸ್ಥಾನ. ಅಂದ್ರೆ ಅವರು ಮೊದಲು ಈಚೆ ದಂಡೆ ಸರಕಾರದ ನೌಕರರು, ಆಮೇಲೆ ಆಚೆ ದಂಡೆಯ ದಿವಾನರು.

ಮುಂಬೈ ಸೇವೆ ಬಿಟ್ಟು ಯುರೋಪ್ ಪ್ರವಾಸದಲ್ಲಿದ್ದಾಗ ಅವರಿಗೆ ನಿಜಾಮರ ಸರಕಾರದಿಂದ ಕರೆ ಬಂತು. 1908ರ ಸೆಪ್ಟೆಂಬರ್ 28ರಂದು ಮೂಸಿ ಹೊಳೆ ಉಕ್ಕಿ ಹೈದರಾಬಾದಿನೊಳಗೆ ನುಗ್ಗಿತ್ತು. ಸಾವಿರಾರು ಮನಿ ಕುಸಿದವು. ಸತ್ತವರ ಸಂಖ್ಯೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, 15,000ದವರೆಗೂ ಹೇಳುವವರಿದ್ದಾರೆ.

1909ರ ಏಪ್ರಿಲ್‌ನಲ್ಲಿ ಅಲ್ಲಿಗೆ ಬಂದ ವಿಶ್ವೇಶ್ವರಯ್ಯ, ಬಿದ್ದ ಮನಿ ಎಲ್ಲಿ ಕಟ್ಟಬೇಕು ಅನ್ನೋದರಿಂದ ಶುರು ಮಾಡಲಿಲ್ಲ. ನೀರು ಎಲ್ಲಿಂದ ಬಂತು ಅಂತ ಹುಡುಕುತ್ತ ಊರಿನ ಮೇಲ್ಭಾಗಕ್ಕೆ ಹೋದರು. ಎಲ್ಲೆಲ್ಲಿ ಎಷ್ಟು ಮಳೆಯಾಗಿತ್ತು, ಹೊಳೆಯಲ್ಲಿ ಎಷ್ಟು ನೀರು ಹರಿದಿತ್ತು ಅಂತ ಲೆಕ್ಕ ಹಾಕಿದರು. ಆಗ ಸಿಕ್ಕ ಸಂಗತಿ ದೊಡ್ಡದು. ಮೂಸಿ ಜಲಾನಯನದಲ್ಲಿ 788 ಕೆರೆಗಳಿದ್ದವು, ಅದರಲ್ಲಿ 221 ಒಡೆದಿದ್ದವು. ಮೇಲಿನ ಕೆರೆ ಒಡ್ಡು ಹರಿದರೆ ಆ ನೀರು ಕೆಳಗಿನ ಕೆರೆ ಮೇಲೆ ಬೀಳ್ತದೆ, ಅದೂ ತಡೆಯೋದಿಲ್ಲ. ಮಳೆನೀರಿನ ಜೊತೆಗೆ ಕೆರೆನೀರೂ ಒಮ್ಮೆಲೆ ಊರಿಗೆ ಇಳಿದಿತ್ತು. ಸರಣಿ ಕೆರೆಗಳ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅವರು ಸೂಚಿಸಿದ ಪರಿಹಾರ ಊರೊಳಗೆ ಬರೀ ಗೋಡೆ ಎಬ್ಬಿಸೋದಲ್ಲ. ಊರಿನ ಮೇಲ್ಗಡೆ ಮೂಸಿಗೊಂದು, ಉಪನದಿ ಈಸಿಗೊಂದು ಜಲಾಶಯ ಕಟ್ಟಿ ಮಹಾಪೂರವನ್ನು ಅಲ್ಲೇ ಹಿಡಿದು ನಿಧಾನಕ್ಕೆ ಬಿಡೋದು, ಊರೊಳಗೆ ದಂಡೆ ಎತ್ತರಿಸೋದು, ಹೊಳೆ ಪಕ್ಕ ಉದ್ಯಾನ ಮಾಡೋದು, ಒಳಚರಂಡಿ ಹಾಕೋದು. ಅಕ್ಟೋಬರ್‌ನಲ್ಲಿ ವರದಿ ಕೊಟ್ಟು, ನವೆಂಬರ್‌ನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಮುಂದಿನದು ಎಲ್ಲರಿಗೂ ಗೊತ್ತು. ಹೈದರಾಬಾದಿನಲ್ಲಿ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಒಳಚರಂಡಿ ಕೆಲಸಕ್ಕೆ ಅವರು ಮತ್ತೆ ಅಲ್ಲಿಗೆ ಹೋಗಿದ್ದರು.

ಆ ಕೆರೆಗಳ ಸುತ್ತ ಮನಸ್ಸಿಗೆ ಬಂದಂಗೆ ಕಟ್ಟಬಾರದು ಅಂತ 1996ರಲ್ಲಿ ಅಲ್ಲಿನ ಸರಕಾರ 10 ಕಿ.ಮೀ. ನಿರ್ಬಂಧ ಹಾಕಿತ್ತು. 2022ರಲ್ಲಿ ತೆಲಂಗಾಣ ಸರಕಾರ ಅದನ್ನು ಸಡಿಲಿಸಿತು. ನಡುವೆ 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಮತ್ತೆ ಮುಳುಗಿತ್ತು.

ಈಗಿನ ಕಾನೂನಲ್ಲೂ ಅವರ ಪ್ರಶ್ನೆ ಇದೆ. 2006ರ ಪರಿಸರ ಅಧಿಸೂಚನೆಯ ಅರ್ಜಿಯಲ್ಲಿ ಪ್ರವಾಹ, ಭೂಕುಸಿತ, ಭೂಕಂಪ, ಮಣ್ಣಿನ ಸವಕಳಿಯ ಅಪಾಯ ಇದೆಯೇ ಅಂತ ಬರೆದು ಕೊಡಬೇಕು. ಆದರೆ ಕಟ್ಟಡಗಳಿಗೆ ಅದು ಅನ್ವಯಿಸೋದು 20,000 ಚದರ ಮೀಟರ್‌ನಿಂದ ಮೇಲೆ. ನಾಲ್ಕೈದು ಎಕರೆ ಎನ್ಎ ಮಾಡಿಸಿ ಸೈಟ್ ಹಾಕಿದರೆ ಸಾಮಾನ್ಯವಾಗಿ ಆ ಅರ್ಜಿಯ ಗೊಡವೆಯೇ ಬರೋದಿಲ್ಲ. ನಮ್ಮ ತಾಲೂಕಿನಲ್ಲಿ ಬಹುತೇಕ ಲೇಔಟ್ ಆ ಅಳತೆಯವೇ.

ಇಲ್ಲಿ ಬಿಸಿಲಿದ್ದಾಗಲೂ ಹೊಳೆ ಏರ್ತದೆ. ಗಾಜನೂರಿನ ತುಂಗಾ ಅಣೆಕಟ್ಟೆ ಚಿಕ್ಕದು, ಹಿಡಿಯೋದು ಸುಮಾರು 3 ಟಿಎಂಸಿ. ಮಲೆನಾಡಿನಲ್ಲಿ ಮಳೆ ಜೋರಾದರೆ ಬಂದ ನೀರನ್ನು ಬಂದಂಗೆ ಬಿಡಬೇಕಾಗ್ತದೆ. ಭದ್ರಾ ದೊಡ್ಡದು, 71 ಟಿಎಂಸಿ ದಾಟಿ ಹಿಡೀತದೆ. ಅದೂ ತುಂಬಿದ ಮೇಲೆ ಎರಡೂ ನೀರು ಕೂಡ್ಲಿಯಲ್ಲಿ ಸೇರಿ ಹೊನ್ನಾಳಿ ದಾಟಿ ನಮ್ಮ ದಂಡೆಗೆ ಬರ್ತದೆ. 2019ರ ಆಗಸ್ಟ್‌ನಲ್ಲಿ ಹಾವೇರಿ ಜಿಲ್ಲೆ ಕಂಡದ್ದು ಯಾರಿಗೂ ಮರೆತಿಲ್ಲ. ಹೊಳೆದಂಡೆಗೆ ಸೈಟ್ ತಗೊಳ್ಳೋವಾಗ ರಸ್ತೆ, ಕರೆಂಟು, ನಳದ ಬಗ್ಗೆ ಕೇಳ್ತೀವಿ. ಆ ವರ್ಷ ನೀರು ಎಲ್ಲಿತನಕ ಬಂದಿತ್ತು ಅಂತ ಪಕ್ಕದ ಹೊಲದವರನ್ನೂ ಕೇಳಬೇಕು.

ಭಾರತ ರತ್ನ ಪಡೆದು, ನೂರರ ಆಸುಪಾಸು ಬದುಕಿ ವಿಶ್ವೇಶ್ವರಯ್ಯ 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ.